ಡೆನ್ಮನ್ ಬೀದಿಯ ಕೊನೆಯಲ್ಲಿ

ಕೆನಡಾದ ವ್ಯಾಂಕೂವರಿನ ನವೆಂಬರ್ ಮಳೆಗೆ ನಮ್ಮ ಮಲೆನಾಡಿನ ಅಬ್ಬರವಿಲ್ಲ, ಆದರೆ ಹಟವಿದೆ. ಮಗಳ ಮನೆಯಲ್ಲಿ ಮೂರು ದಿನ ಕಿಟಕಿ ಕಾಯ್ದು ಬೇಸತ್ತು, ನಾಲ್ಕನೆಯ ದಿನ ಕೊಡೆ ಹಿಡಿದು ಡೆನ್ಮನ್ ಬೀದಿಯ ತುದಿಗೆ ನಡೆದೆ. ಅಲ್ಲಿರುವುದು ಒಂದು ಹುಲ್ಲುಹಾಸು, ಪಕ್ಕದಲ್ಲಿ ಕೋಲ್ ಹಾರ್ಬರಿನ ದೋಣಿಗಳು. ನಾನು ನೋಡಬೇಕಿದ್ದ ಕಟ್ಟಡ 1936ರಲ್ಲೇ ಸುಟ್ಟು ಬೂದಿಯಾಗಿದೆ.

ಅದು ಡೆನ್ಮನ್ ಅರೀನಾ, ಐಸ್ ಹಾಕಿಯ ಅಂಗಣ. ಈ ಊರಿನ ಚಳಿಗಾಲಕ್ಕೆ ನೀರನ್ನು ಕಲ್ಲಾಗಿಸುವ ಶಕ್ತಿಯಿಲ್ಲ. ಹಾಗಾಗಿ ಹಾಕಿ ಆಟಗಾರರಾದ ಪ್ಯಾಟ್ರಿಕ್ ಸಹೋದರರು ತಂದೆಯ ಮರದ ವ್ಯಾಪಾರದ ಹಣ ಸುರಿದು, 1911ರಲ್ಲಿ ಇಲ್ಲಿ ಯಂತ್ರದಿಂದ ಮಂಜುಗಡ್ಡೆ ಮಾಡುವ ಅಂಗಣ ಕಟ್ಟಿದರು. ಅದನ್ನು ತುಂಬಿಸಲು ಅವರಿಗೊಬ್ಬ ತಾರೆ ಬೇಕಿತ್ತು. 1912ರಲ್ಲಿ ಬಂದವನು ಫ್ರೆಡ್ ಟೇಲರ್, ಜನರ ಬಾಯಲ್ಲಿ 'ಸೈಕ್ಲೋನ್' ಟೇಲರ್.

ಹಾಕಿ ಎಂದರೆ ಕೊಡಗಿನ ಮೈದಾನಗಳೇ ಕಣ್ಣಮುಂದೆ ಬರುವ ನನಗೆ, ಐಸ್ ಹಾಕಿಯ ಈ ಹಳೆಯ ಆಟಗಾರನ ಹುಚ್ಚು ಹಿಡಿಸಿದವನು ಅಳಿಯ. ಟೇಲರ್ ಒಂಟಾರಿಯೋದ ಹುಡುಗ. ಆಗ ಆ ಪ್ರಾಂತ್ಯದ ಹಾಕಿ ದೊರೆಗಳಿಗೆ ದುಡ್ಡು ಮುಟ್ಟಿದ ಆಟಗಾರನೆಂದರೆ ಮೈಲಿಗೆ. ಆ ಮಡಿವಂತರೇ ಅವನನ್ನು ಟೊರಾಂಟೋದ ತಂಡವೊಂದಕ್ಕೆ ಆಡೆಂದು ಕರೆದರು. ಒಲ್ಲೆನೆಂದದ್ದಕ್ಕೆ ಒಂಟಾರಿಯೋದಲ್ಲೇ ಆಡದಂತೆ ಮಾಡಿದರು. ಅವನು ಪಕ್ಕದ ಮ್ಯಾನಿಟೋಬಾ ಪ್ರಾಂತ್ಯಕ್ಕೆ ಹೋಗಿ, ಅಲ್ಲಿಂದ ಗಡಿ ದಾಟಿ ಅಮೆರಿಕದ ಮಿಚಿಗನ್‌ನ ತಾಮ್ರದ ಗಣಿಯೂರು ಹೌಟನ್ ಸೇರಿದ. ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡುವ ಮೊದಲ ಲೀಗ್ ಅಲ್ಲಿ ನಡೆಯುತ್ತಿತ್ತು. 1907ರಲ್ಲಿ ಆ ಲೀಗ್ ಮುಚ್ಚಿತು. ಒಟ್ಟಾವಾ ತಂಡ ಅವನನ್ನು ಕರೆಸಿಕೊಂಡದ್ದು ಸಂಬಳದ ಜೊತೆಗೆ ಒಂದು ಸರ್ಕಾರಿ ನೌಕರಿಯ ಆಸೆ ತೋರಿಸಿ. ವಲಸೆ ಇಲಾಖೆಯ ನೌಕರಿ. ಚೆಂಡೆಸೆದು ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕೆಲಸ ಗಿಟ್ಟಿಸಿದವರನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ.

1909ರಲ್ಲಿ ಒಟ್ಟಾವಾ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಮರುವರ್ಷ ಗಣಿ, ರೈಲಿನ ಗುತ್ತಿಗೆಗಳಲ್ಲಿ ಹಣ ಮಾಡಿದ ಸಾಹುಕಾರನೊಬ್ಬ ರೆನ್‌ಫ್ರೂ ಎಂಬ ಪುಟ್ಟ ಊರಿನ ತಂಡಕ್ಕಾಗಿ 5,250 ಡಾಲರಿಗೆ ಟೇಲರನನ್ನು ಕೊಂಡ. ಎರಡು ತಿಂಗಳೂ ಹಿಡಿಯದ ಋತುವಿಗೆ ಇಷ್ಟು! ಕಪ್ ಮಾತ್ರ ರೆನ್‌ಫ್ರೂಗೆ ಸಿಗಲಿಲ್ಲ.

ಕಪ್ ಮತ್ತೆ ಸಿಕ್ಕಿದ್ದು ನಾನು ನಿಂತಿದ್ದ ಈ ಹುಲ್ಲಿನ ಮೇಲೆ. 1915ರ ಮಾರ್ಚಿನಲ್ಲಿ ವ್ಯಾಂಕೂವರ್ ತಂಡ ಒಟ್ಟಾವಾವನ್ನು ಮೂರಕ್ಕೆ ಮೂರೂ ಪಂದ್ಯಗಳಲ್ಲಿ ಮಣಿಸಿತು. ಕೊನೆಯದರ ಅಂಕ 12-3. ಆಗ ಇಲ್ಲಿ ಒಂದು ತಂಡಕ್ಕೆ ಏಳು ಜನ. ಏಳನೆಯವನ ಹೆಸರೇ 'ರೋವರ್', ಅಲೆಮಾರಿ. ಅವನಿಗೆ ಕಟ್ಟಿಹಾಕಿದ ಜಾಗವಿಲ್ಲ, ಅಂಗಣವೆಲ್ಲ ಅವನದೇ. ಟೇಲರ್ ಆ ಜಾಗದಲ್ಲೂ ಆಡುತ್ತಿದ್ದ.

ಹುಲ್ಲು ದಾಟಿ, ನೀರಿನಂಚಿನ ದಾರಿ ಹಿಡಿದು ಪೂರ್ವಕ್ಕೆ ನಡೆದೆ. ನೀರಿನ ಮೇಲಿಳಿಯುವ ಪುಟ್ಟ ವಿಮಾನಗಳ ಸದ್ದು. ಅರ್ಧ ಗಂಟೆಯೊಳಗೆ ಬೂಟಿಗೆ ನೀರು ನುಗ್ಗಿತು, ಕೊಮಗಾತ ಮಾರು ಸ್ಮಾರಕವೂ ಎದುರಾಯಿತು.

ಅಳಿಯನಿಗೆ ಗೊತ್ತಿರದ ಭಾಗ ಇದು. 1914ರ ಮೇ 23ರಂದು ಈ ಕೊಲ್ಲಿಗೆ ಬಂದ ಆ ಜಪಾನೀ ಹಡಗಿನಲ್ಲಿ 376 ಭಾರತೀಯರಿದ್ದರು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬರಬೇಕು, ಕೈಯಲ್ಲಿ 200 ಡಾಲರ್ ಇರಬೇಕು ಎಂಬುದು ಅಂದಿನ ನಿಯಮ. ಭಾರತದಿಂದ ನೇರ ಹಡಗೇ ಇರಲಿಲ್ಲ, ನಿಯಮ ಹುಟ್ಟಿದ್ದೇ ಅದಕ್ಕಾಗಿ. ಹಡಗು ಹತ್ತಿ ಅವರನ್ನು ತಡೆದ ವಲಸೆ ಅಧಿಕಾರಿಗಳಲ್ಲಿ ಒಬ್ಬ ಫ್ರೆಡ್ ಟೇಲರ್. ಎರಡು ತಿಂಗಳು ದಡದ ಕಣ್ಣಳತೆಯಲ್ಲೇ ನಿಂತು, ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಡಗು ಹಿಂದಿರುಗಿತು. ಕಲ್ಕತ್ತೆಯ ಬಳಿಯ ಬಜ್ ಬಜ್‌ನಲ್ಲಿ ಬ್ರಿಟಿಷರ ಗುಂಡಿಗೆ ಹಲವರು ಬಲಿಯಾದರು. ಕಪ್ ಗೆದ್ದದ್ದು ಅದಾಗಿ ಆರು ತಿಂಗಳಿಗೆ.

ಟೇಲರನನ್ನು ಖಳನೆಂದು ಕರೆದು ಮುಗಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ಆಜ್ಞೆ ಮೇಲಿನಿಂದ ಬಂದದ್ದು. ಆದರೂ ಅವನ ವಲಸೆ ಸೇವೆಗೆ 1946ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಗೌರವ, ಮರುವರ್ಷ ಆಟಕ್ಕೆ ಹಾಕಿ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿದ್ದು ನೆನಪಾಗಿ ಗಂಟಲು ಕಹಿಯಾಯಿತು. ವಾರದ ಹಿಂದೆ ವಿಮಾನ ನಿಲ್ದಾಣದಲ್ಲಿ ನನ್ನ ಪಾಸ್‌ಪೋರ್ಟ್ ನೋಡಿ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದ ಅಧಿಕಾರಿ ಪಗಡಿ ಧರಿಸಿದ್ದರು.

ಸ್ಮಾರಕದಲ್ಲಿ ಪ್ರಯಾಣಿಕರ ಹೆಸರುಗಳಿವೆ. ಕೊಡೆಯನ್ನು ಹೆಗಲಿಗೊರಗಿಸಿ ಒಂದೊಂದಾಗಿ ಓದತೊಡಗಿದೆ. ಇಲ್ಲಿ ನಾಲ್ಕೂವರೆಗೇ ಕತ್ತಲು; ಅರ್ಧವೂ ಮುಗಿದಿರಲಿಲ್ಲ.