ಒಂದು ಮೂಟೆ ಸಿಮೆಂಟಿನ ಲೆಕ್ಕ

ಸಿವಿಲ್ ಓದ್ತಿರೋರು ರಜೆಯಲ್ಲಿ ಇನ್ನೊಂದು ಸಾಫ್ಟ್‌ವೇರ್ ಕೋರ್ಸ್ ಸೇರೋ ಬದಲು, ತಾರಸಿ ಹಾಕೋ ದಿನ ಬೆಳಗ್ಗೆಯಿಂದ ಸಂಜೆವರೆಗೆ ಸೈಟಲ್ಲಿ ನಿಂತು ನೋಡಿ. ನೀರು-ಸಿಮೆಂಟ್ ಅನುಪಾತ 0.5 ಅಂದ್ರೆ 50 ಕೆಜಿ ಮೂಟೆಗೆ 25 ಲೀಟರ್; ಪರೀಕ್ಷೆಗೆ ಇಷ್ಟು ಸಾಕು. ಸೈಟಲ್ಲಿರೋದು ಮಳೆಗೆ ನೆನೆದ ಮರಳು. ಶೇ. 5ರಷ್ಟು ತೇವ ಇದ್ರೂ 100 ಕೆಜಿ ಮರಳಿನ ಜೊತೆಗೇ ಸುಮಾರು 5 ಲೀಟರ್ ನೀರು ಬಂದಾಯ್ತು. ಅದನ್ನು ಲೆಕ್ಕದಿಂದ ಕಳೆಯೋರು ಕಮ್ಮಿ. ಸಾಲದ್ದಕ್ಕೆ, ಕಲಸಿದ ಕಾಂಕ್ರೀಟ್ ಮಾಲು ಗಟ್ಟಿ ಆಯ್ತು ಅಂತ ಮೇಸ್ತ್ರಿ ಇನ್ನೊಂದು ಬಕೆಟ್ ಹಾಕಿಸ್ತಾರೆ (ಹರಡೋ ಕಷ್ಟ ಅವರಿಗೇ ಗೊತ್ತು ಬಿಡಿ). ಹೆಚ್ಚಾದ ನೀರು ಆರಿದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿದು ಬಲ ಇಳಿಯುತ್ತೆ. ಅದು ಪಕ್ಕಾ ಗೊತ್ತಾಗೋದು 28ನೇ ದಿನ, ಅದೇ ಮಾಲಿನಿಂದ ಮಾಡಿಟ್ಟ 150 ಮಿಮೀ ಕ್ಯೂಬನ್ನು ಬಲ ನೋಡೋಕೆ ಒಡೆದಾಗ. ಅಷ್ಟರಲ್ಲಿ ಮೇಲಿನ ಮಹಡಿಯ ಕಂಬ ಎದ್ದಿರುತ್ತೆ.