ಉಸಿರು ನೋಡಿ ಮೋಸ ಹೋದೆ, ಕಾಲು ನೋಡಲಿಲ್ಲ

ಟ್ರೆಕ್ ಲೀಡ್ ಕೆಲಸದಲ್ಲಿ ನನಗೆ ಹತ್ತುವುದರ ಬಗ್ಗೆ ಅಷ್ಟು ಚಿಂತೆ ಇಲ್ಲ. ಚಿಂತೆಯೆಲ್ಲ ಇಳಿಯುವುದರದ್ದೇ. ಆಫೀಸಿನವರಿಗೆ ಇದು ಉಲ್ಟಾ. ಐಟಿನರರಿ ಹೀಗಿದೆ: ದಾರಿ 4 ಕಿಲೋಮೀಟರ್, ಏರಿಕೆ 900 ಮೀಟರ್, ಹತ್ತಲು ಮೂರು ಗಂಟೆ, ವ್ಯೂ ಪಾಯಿಂಟ್‌ನಲ್ಲಿ ಊಟ, ಇಳಿಯಲು ಒಂದು ಗಂಟೆ. ಆ ಒಂದು ಗಂಟೆಯನ್ನು ಯಾರೋ ಕುರ್ಚಿಯಲ್ಲಿ ಕೂತೇ ಲೆಕ್ಕ ಹಾಕಿರಬೇಕು.

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಕೊಟ್ಟ ಲೆಕ್ಕವನ್ನೇ ನಾವು ಈಗಲೂ ಹಿಡಿದುಕೊಂಡಿದ್ದೇವೆ. ಹೆಚ್ಚುಕಡಿಮೆ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇಳಿಯುವುದಕ್ಕೆ ಅದರಲ್ಲಿ ಬೇರೆ ಸಮಯವೇ ಇಲ್ಲ. ಆಮೇಲೆ ಎರಿಕ್ ಲ್ಯಾಂಗ್‌ಮ್ಯೂರ್ ಅನ್ನುವ ಇನ್ನೊಬ್ಬ ಪರ್ವತಾರೋಹಿ ಇದನ್ನು ತಿದ್ದಿದರು: ಇಳಿಜಾರು 12 ಡಿಗ್ರಿಗಿಂತ ಕಡಿದಾಗಿದ್ದರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಸೇರಿಸಿಕೊಳ್ಳಿ ಅಂತ. ನಮ್ಮ ದಾರಿಗೆ ಅದು 4 ಕಿಲೋಮೀಟರ್ ನಡಿಗೆಯ 48 ನಿಮಿಷದ ಮೇಲೆ ಇನ್ನೂ ಅರ್ಧ ಗಂಟೆ. ಅದೂ ಎಲ್ಲೂ ನಿಲ್ಲದೆ ನಡೆಯುವ ಗಟ್ಟಿ ಕಾಲಿನವರಿಗೆ. ನಮ್ಮ ಬ್ಯಾಚುಗಳಲ್ಲಿ ಅಂಥವರು ಎಷ್ಟು ಜನ ಇರ್ತಾರೆ?

ಆವತ್ತಿನ ಬ್ಯಾಚಿನಲ್ಲಿ ಒಬ್ಬರಿದ್ದರು. ದಿನಾ ಓಡುವ ಅಭ್ಯಾಸ, ಆದರೆ ಸಮತಟ್ಟಾದ ರಸ್ತೆಯಲ್ಲಿ. ಹತ್ತುವಾಗ ನನ್ನ ಹಿಮ್ಮಡಿ ತುಳಿಯುವಷ್ಟು ಹತ್ತಿರದಲ್ಲೇ ಬರುತ್ತಿದ್ದರು. ಹಿಂದೆ ಒಬ್ಬ ಹೆಂಗಸು ಮಾತ್ರ ತುಂಬಾ ನಿಧಾನ, ಪ್ರತಿ ತಿರುವಿನಲ್ಲೂ ಏದುಸಿರು. ನನ್ನ ಗಮನವೆಲ್ಲ ಅವರ ಮೇಲೆಯೇ ಇತ್ತು.

ಮೇಲೆ ಕಣಿವೆ ಪೂರ್ತಿ ತೆರೆದುಕೊಂಡಿತ್ತು. ಮೋಡದ ನೆರಳು ಈ ಗುಡ್ಡದಿಂದ ಆ ಗುಡ್ಡಕ್ಕೆ ಹರಿದು ಹೋಗುವುದನ್ನು ನೋಡುತ್ತಾ ಎಲ್ಲರೂ ಕೂತೇ ಬಿಟ್ಟರು. ಟರ್ನ್‌ಅರೌಂಡ್ ಟೈಮ್, ಅಂದರೆ ವಾಪಸ್ ಹೊರಡಲೇಬೇಕಾದ ಹೊತ್ತು, ಮೀರಿತು. 'ಇನ್ನೊಂದೇ ಫೋಟೊ' ಅಂದರು, ಸರಿ ಅಂದೆ. ಆಗಲೇ ಆ ಓಟಗಾರರು ಬಂಡೆಯ ಮೇಲೆ ಕೂರುವುದನ್ನು ನೋಡಿದೆ. ಮೆಲ್ಲಗೆ ಬಗ್ಗಿದವರು ಕೊನೆಯ ಒಂದು ಗೇಣು ದೊಪ್ಪನೆ ಬಿದ್ದಂತೆ ಕೂತರು. ಏಳುವಾಗ ಎರಡೂ ಕೈ ಮಂಡಿಗೆ ಊರಿದರು.

“ಸರ್, ಆರಾಮಾ?”

“ಏನಾಗಿದೆ ನನಗೆ? ಇನ್ನೊಂದು ಬೆಟ್ಟ ಇದ್ರೆ ತೋರಿಸಿ.”

ಅವರು ಸುಳ್ಳು ಹೇಳಲಿಲ್ಲ. ಉಸಿರು ಸರಿಯಾಗಿತ್ತು, ಮುಖದಲ್ಲಿ ಬೆವರೂ ಆರಿತ್ತು. ನಾನೂ ಮುಖವನ್ನೇ ನೋಡಿದೆ. ನಿಧಾನದ ಹೆಂಗಸನ್ನು ನನ್ನ ಬೆನ್ನ ಹಿಂದೆ ಹಾಕಿಕೊಂಡು, ಇವರನ್ನು ಸ್ವೀಪ್ (ಎಲ್ಲರಿಗಿಂತ ಕೊನೆಗೆ ಬರುವ ನಮ್ಮ ಹುಡುಗ) ಹತ್ತಿರ ಬಿಟ್ಟೆ. ಹೇಗೂ ಗಟ್ಟಿ ಆಳು, ಹಿಂದೆ ಫೋಟೊ ತೆಗೆದುಕೊಂಡು ಬರಲಿ ಅಂತ.

ಹತ್ತುವಾಗ ದಣಿವನ್ನು ಶ್ವಾಸಕೋಶ ಕೂಗಿ ಹೇಳುತ್ತದೆ. ಇಳಿಯುವಾಗ ಅದು ಬಾಯಿ ಬಿಡುವುದಿಲ್ಲ. ಭಾರವೆಲ್ಲ ತೊಡೆಯ ಮುಂಭಾಗದ ಸ್ನಾಯುವಿನ ಮೇಲೆ ಬೀಳುತ್ತದೆ. ಹಿಗ್ಗುತ್ತಾ ಹಿಗ್ಗುತ್ತಾ ಅದು ಭಾರ ತಡೆಯಬೇಕು, ಘಾಟಿ ಇಳಿಯುವ ಲಾರಿಯ ಬ್ರೇಕಿನ ಹಾಗೆ. ಈ ಕೆಲಸ ಸಮತಟ್ಟಿನ ಓಟದಲ್ಲಿ ಇಷ್ಟು ಸಿಗುವುದಿಲ್ಲ. ಇದನ್ನೆಲ್ಲ ನಾನೇ ಬ್ರೀಫಿಂಗ್‌ನಲ್ಲಿ ಹೇಳುವವನು!

ಅರ್ಧ ದಾರಿಯ ಕೆಳಗೆ ಗುಡ್ಡದ ಮೈಗೆ ಅಡ್ಡಲಾಗಿ ಹೋಗುವ ಸಡಿಲ ಕಲ್ಲಿನ ಒಂದು ತುಂಡು ದಾರಿ ಇದೆ. ಒಬ್ಬರ ಹಿಂದೆ ಒಬ್ಬರು ದಾಟುವಷ್ಟೇ ಅಗಲ. ಎಡಕ್ಕೆ ಕಣಿವೆ. ಮೇಲಿಂದ ಚಂದ ಕಂಡ ಅದೇ ಕಣಿವೆ. ನಾನು ದಾಟಿ ತಿರುವಿನ ಆಚೆ ಬಂದಿದ್ದೆ. ಹಿಂದೆ ಕಲ್ಲು ಉರುಳುವ ಸದ್ದು, ಆಮೇಲೆ ಯಾರೋ ಕೂಗಿದ್ದು. ವಾಕಿಯಲ್ಲಿ ಕರೆದರೆ ಬರೀ ಗೊರಗೊರ. ಗುಡ್ಡ ಅಡ್ಡ ಬಂದರೆ ಅದು ಕೆಲಸ ಮಾಡಲ್ಲ. ಎಷ್ಟು ಸಲ ಬರೆದು ಕೊಟ್ಟಿದ್ದೇವೋ.

ಓಡಿ ಬಂದು ನೋಡಿದರೆ ಅವರು ದಾರಿಯ ಮಧ್ಯೆ ಕೂತಿದ್ದಾರೆ. ಪೆಟ್ಟಾಗಿಲ್ಲ. ಆದರೆ ಮಂಡಿಯಿಂದ ಮೇಲೆ ಎರಡೂ ಕಾಲು ಗಡಗಡ ನಡುಗುತ್ತಿದೆ, ಪ್ಯಾಂಟಿನ ಬಟ್ಟೆ ಅದುರುವುದು ಕಾಣುತ್ತಿತ್ತು. “ಏಳ್ತೀನಿ, ಏಳ್ತೀನಿ” ಅಂತ ಮತ್ತೆ ಮತ್ತೆ ಪ್ರಯತ್ನ. ಪ್ರತಿ ಸಲವೂ ಬೂಟು ಜಾರಿ ಒಂದಿಷ್ಟು ಜಲ್ಲಿ ಅಂಚಿನಾಚೆ ಹೋಗುತ್ತಿತ್ತು. ಹಿಂದಿನವರು ಸಹಾಯಕ್ಕೆ ಅಂತ ನುಗ್ಗುತ್ತಿದ್ದರು. ಕೆಳಗಿಂದ ಇನ್ನೊಂದು ತಂಡ ಬರುತ್ತಿತ್ತು.

“ಯಾರೂ ಅಲ್ಲಾಡಬೇಡಿ” ಅಂದೆ, ಸ್ವಲ್ಪ ಜೋರಾಗಿಯೇ. ಅವರಿಗೆ ಏಳಬೇಡಿ, ಬ್ಯಾಗ್ ಮೊದಲು ನನಗೆ ಕೊಡಿ ಅಂದೆ. ನಾನು ಕಣಿವೆಯ ಬದಿಗೆ ಒಂದು ಗಟ್ಟಿ ಬಂಡೆಗೆ ಕಾಲು ಕೊಟ್ಟು ನಿಂತೆ. ಸ್ವೀಪ್ ಗುಡ್ಡದ ಬದಿಯಿಂದ ಅವರ ಸೊಂಟದ ಬೆಲ್ಟ್ ಹಿಡಿದ. ಅಲ್ಲೇ ಸುಮ್ನೆ ಕೂರಿಸಿದೆವು. ನೀರು, ಒಂದಿಷ್ಟು ಸಿಹಿ. ನಡುಕ ತಗ್ಗುವವರೆಗೆ ಯಾರೂ ಮಾತಾಡಲಿಲ್ಲ. ಕೆಳಗಿನ ತಂಡದವರು ಪಾಪ ಬಿಸಿಲಲ್ಲೇ ಕಾದರು.

ಉಳಿದ ದಾರಿಗೆ ಎರಡು ಕೋಲು ಬೇಕಾಯ್ತು. ಕಂಪನಿ ಕೊಡುವುದು ತಲೆಗೊಂದೇ. ನನ್ನದನ್ನು ಕೊಟ್ಟು, ಎರಡನ್ನೂ ಹತ್ತುವಾಗಿನದಕ್ಕಿಂತ ಸ್ವಲ್ಪ ಉದ್ದ ಮಾಡಿದೆ. ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಬಗ್ಗಿರಲಿ, ದಾರಿ ಅಗಲವಾದಲ್ಲಿ ಅಡ್ಡಡ್ಡ ನಡೆಯಿರಿ, ಪ್ರತಿ ತಿರುವಿಗೂ ನಿಲ್ಲಿ. ನಿಧಾನದ ಹೆಂಗಸು ಅಷ್ಟರಲ್ಲಿ ಕೆಳಗೆ ತಲುಪಿ ಬೂಟು ಬಿಚ್ಚಿ ಕೂತಿದ್ದರು. ನಮಗೆ ಇಳಿಯಲು ಮೂರು ಗಂಟೆಗೂ ಜಾಸ್ತಿ ಹಿಡಿಯಿತು, ಕೊನೆಯ ತುಂಡು ಹೆಡ್‌ಲ್ಯಾಂಪಿನಲ್ಲಿ.

ರಿಪೋರ್ಟಿನಲ್ಲಿ 'ಡಿಲೇ, ಕ್ಲೈಂಟ್ ಫಿಟ್‌ನೆಸ್' ಅಂತ ಟಿಕ್ ಮಾಡಿ ಅಂದರು ಆಫೀಸಿನವರು. ಮಾಡಲಿಲ್ಲ. ಫಿಟ್‌ನೆಸ್‌ಗೆ ಏನಾಗಿತ್ತು? ಫಾರಂನಲ್ಲಿ 'ಇಳಿತಕ್ಕೆ ಸಮಯ ಸಾಲದು' ಅನ್ನುವ ಕಾಲಂ ಇಲ್ಲ, ಹಾಗಾಗಿ ಅಂಚಿನಲ್ಲಿ ಕೈಯಲ್ಲಿ ಬರೆದೆ.

ಈಗ ನಾನು ಮೇಲೆ ಯಾರನ್ನೂ ಆರಾಮಾ ಅಂತ ಕೇಳುವುದಿಲ್ಲ. ಹೊರಡುವ ಮೊದಲು ಎಲ್ಲರಿಗೂ ಲೇಸ್ ಬಿಗಿ ಮಾಡಿಕೊಳ್ಳಲು ಹೇಳಿ, ಯಾರು ಹೇಗೆ ಬಗ್ಗುತ್ತಾರೆ, ಹೇಗೆ ಏಳುತ್ತಾರೆ ಅಂತ ನೋಡುತ್ತೇನೆ. ಲೇಸ್ ಬಿಗಿ ಇದ್ದರೆ ಬೂಟಿನೊಳಗೆ ಕಾಲು ಮುಂದೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುವುದೂ ತಪ್ಪುತ್ತದೆ. ಮಂಡಿಗೆ ಕೈ ಊರಿದವರು ನನ್ನ ಬೆನ್ನ ಹಿಂದೆಯೇ ಇಳಿಯಬೇಕು. ನಮ್ಮ ಸ್ವೀಪ್‌ಗೆ ಇದು ಒಪ್ಪಿಗೆ ಇಲ್ಲ. ಅಂಥವರು ತನ್ನ ಜೊತೆಗೇ ಇರಲಿ, ಮುಂದೆ ಹಾಕಿದರೆ ಹಿಂದಿನವರೆಲ್ಲ ಅವಸರ ಮಾಡುತ್ತಾರೆ ಅನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ. ಪ್ರತಿ ಬ್ಯಾಚಿಗೂ ಇದೇ ಜಗಳ.