ಮಲೆನಾಡಿನ ಪೂಲಿಗೆ ಕವರ್: ಕ್ಯಾಟಲಾಗಿನ ಲೆಕ್ಕ ಇಲ್ಲಿ ನಡೆಯಲ್ಲ

ಸ್ವಿಮ್ಮಿಂಗ್ ಪೂಲ್ ಕವರ್ ಮಾರುವವರ ಯಾವ ಕ್ಯಾಟಲಾಗ್ ತೆಗೆದು ನೋಡಿದರೂ ಮೊದಲ ಪುಟದಲ್ಲಿ ಒಂದೇ ಮಾತು. ನೀರು ಆವಿಯಾಗುವುದು ತಪ್ಪುತ್ತದೆ, ನೀರು ಬೆಚ್ಚಗಿರುತ್ತದೆ. ಫೋಟೋದಲ್ಲಿ ನೀಲಿ ಆಕಾಶ, ಒಂದು ಎಲೆಯೂ ಬಿದ್ದಿರದ ಅಂಗಳ. ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಅಂಥ ಅಂಗಳ ಎಲ್ಲಿದೆ ಹೇಳಿ. ಇಲ್ಲಿ ಕವರ್ ಮಾಡಲು ಕೂತವನು ಮೊದಲು ಯೋಚಿಸಬೇಕಾದ್ದು ಮೇಲಿಂದ ಬೀಳುವ ನೀರು ಎಲ್ಲಿಗೆ ಹೋಗಬೇಕು ಅಂತ. ಉಳಿದದ್ದೆಲ್ಲ ಆಮೇಲೆ.

ಶಿವಮೊಗ್ಗದಲ್ಲಿ ನನ್ನದು ಫ್ಯಾಬ್ರಿಕೇಷನ್ ಶೆಡ್. ಗೇಟು, ಶೀಟಿನ ಮಾಡು, ಅಡಿಕೆ ಒಣಗಿಸುವ ಅಂಗಳಕ್ಕೆ ಪೈಪಿನ ಚಪ್ಪರ, ಇಂಥ ಕೆಲಸ. ಭಾವನ ಹೋಂಸ್ಟೇ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ಹೊಸದಾಗಿ ಪೂಲ್ ಕಟ್ಟಿಸುತ್ತಿದ್ದಾರೆ, ಬೇಕಾದಾಗ ಮುಚ್ಚಿ ಬೇಡವಾದಾಗ ಸುತ್ತಿಡುವ ಕವರ್ ನಾನೇ ಮಾಡಿಕೊಡಬೇಕಂತೆ. ಅವರ ಮೊದಲ ಐಡಿಯಾ ಬಹಳ ಸರಳ. "ಅದಕ್ಕೇನು ಮಾರಾಯ, ಅಡಿಕೆಗೆ ಎಳೆದ ಹಾಗೆ ಒಂದು ಟಾರ್ಪಾಲ್ ಎಳೆದರಾಯ್ತು!"

ಟಾರ್ಪಾಲ್ ಯಾಕೆ ಆಗಲ್ಲ ಅನ್ನುವುದರಲ್ಲೇ ಅರ್ಧ ಡಿಸೈನ್ ಇದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು, ಅಂದರೆ ಒಂದು ಕೆ.ಜಿ. ತೂಕ. ಭಾವನ ಪೂಲ್ 9 ಮೀಟರ್ ಉದ್ದ, 4 ಮೀಟರ್ ಅಗಲ, ಒಟ್ಟು 36 ಚದರ ಮೀಟರ್. ಒಂದು ದಿನ 100 ಮಿ.ಮೀ. ಮಳೆ ಬಂದರೆ (ನಮ್ಮಲ್ಲಿ ಅದೇನು ದೊಡ್ಡ ಸುದ್ದಿಯಲ್ಲ) 3600 ಲೀಟರ್. ಮೂರೂವರೆ ಟನ್ನಿಗೂ ಜಾಸ್ತಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ. ಅಲ್ಲಿ ಇಷ್ಟೇ ದೊಡ್ಡ ಪೂಲ್ ಇದ್ದರೆ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ನೀರು ಆಕಾಶದಿಂದಲೇ ಬರುತ್ತದೆ. ಪೂಲ್ ಹಿಡಿಯುವುದು ಸರಾಸರಿ 1.3 ಮೀಟರ್ ಆಳಕ್ಕೆ 47 ಸಾವಿರ ಲೀಟರ್ ಅಷ್ಟೇ. ಅಂದರೆ ವರ್ಷದಲ್ಲಿ ಐದು ಸಲ ತುಂಬಿ ಹರಿಯುವಷ್ಟು.

ಅಡಿಕೆ ಮೇಲೆ ಎಳೆದ ಟಾರ್ಪಾಲಿಗೆ ಕೆಳಗೆ ನೆಲ ಇರುತ್ತದೆ, ಇಳಿಜಾರು ಕೊಡಬಹುದು. ಪೂಲಿನ ಮೇಲೆ ಬಟ್ಟೆ ಕಟ್ಟಿದರೆ ನಡುವೆ ಜೋಲುತ್ತದೆ, ಜೋಲಿದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಷ್ಟೂ ಮತ್ತೂ ಜೋಲುತ್ತದೆ. ತೂಕಕ್ಕಿಂತ ದೊಡ್ಡ ಭಯ ಬೇರೆ ಇದೆ. ಬೋರ್ಡು ಹಾಕಿದರೂ ಮಕ್ಕಳು ಅದರ ಮೇಲೆ ಕಾಲಿಡದೆ ಇರಲ್ಲ. ಒಂದು ಕಡೆ ಬಿಚ್ಚಿಕೊಂಡರೆ ಮಗು ಬಟ್ಟೆಯ ಅಡಿಗೆ ಹೋಗುತ್ತದೆ, ಮೇಲಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಗುಳ್ಳೆಗುಳ್ಳೆಯ ನೀಲಿ ಪ್ಲಾಸ್ಟಿಕ್ ಹಾಳೆಯದ್ದೂ ಇದೇ ಕತೆ. ನೀರು ಬೆಚ್ಚಗಿಡಲು ಅದು ಒಳ್ಳೆಯದೇ, ಆದರೆ ಅದನ್ನು ನಂಬಿ ಮಗುವನ್ನು ಅಂಗಳದಲ್ಲಿ ಬಿಡುವ ಹಾಗಿಲ್ಲ. ಫ್ರಾನ್ಸಿನಲ್ಲಿ 2003ರ ಜನವರಿಯಲ್ಲಿ ಇದಕ್ಕೇ ಒಂದು ಕಾನೂನು ಬಂತು. ನೆಲದಲ್ಲಿ ತೋಡಿದ ಖಾಸಗಿ ಪೂಲಿಗೆ ಬೇಲಿ, ಅಲಾರಂ, ಕವರ್, ಮೇಲ್ಮಾಡು, ಈ ನಾಲ್ಕರಲ್ಲಿ ಒಂದಾದರೂ ಇರಲೇಬೇಕು. ಅಮೆರಿಕದವರ ಎಎಸ್‌ಟಿಎಂ ಎಫ್ 1346 ಅನ್ನುವ ಮಾನದಂಡದ ಪ್ರಕಾರ ಎಂಟು ಅಡಿಗಿಂತ ಅಗಲವಾದ ಪೂಲಿನ ಸುರಕ್ಷತಾ ಕವರ್ 485 ಪೌಂಡ್ ಹೊರಬೇಕು. ಸುಮಾರು 220 ಕೆ.ಜಿ. ಮಗು ಬಿತ್ತು, ಎತ್ತಲು ಇಬ್ಬರು ದೊಡ್ಡವರು ಹಾರಿದರು ಅಂತ ಇಟ್ಟುಕೊಂಡ ಲೆಕ್ಕ ಅದು. ಮೇಲೆ ಮಳೆನೀರು ನಿಲ್ಲಲೂ ಬಾರದು, ಯಾಕಂದರೆ ಕವರ್ ಮೇಲೆ ನಿಂತ ಸ್ವಲ್ಪ ನೀರೇ ಪುಟ್ಟ ಮಗುವಿಗೆ ಸಾಕು. ನಾನು ಈ ಎರಡು ಷರತ್ತು ಗೋಡೆ ಮೇಲೆ ಬರೆದಿಟ್ಟುಕೊಂಡೇ ಮುಂದುವರಿದೆ.

ಹಾಗಾದರೆ ಯಾವುದು? ನೋಡಿದ್ದು ಮೂರು ಜಾತಿ.

ಮೊದಲನೆಯದು ಎರಡೂ ಬದಿಗೆ ಟ್ರ್ಯಾಕ್ ಇರುವ, ಗಟ್ಟಿ ವಿನೈಲ್ ಬಟ್ಟೆಯ ಆಟೋಮ್ಯಾಟಿಕ್ ಕವರ್. ಬಟ್ಟೆ ಒಂದು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಅದರ ಮುಂದಿನ ಅಂಚನ್ನು ಎರಡು ಹಗ್ಗಗಳು ಟ್ರ್ಯಾಕಿನೊಳಗಿಂದ ಎಳೆಯುತ್ತವೆ. ನೋಡಲು ಬಹಳ ಚಂದ. ಒಳಗಿನ ತೊಂದರೆ ಏನಪ್ಪಾ ಅಂದರೆ ಡ್ರಮ್ಮಿನಿಂದ ಬಟ್ಟೆ ಬಿಚ್ಚುತ್ತ ಹೋದ ಹಾಗೆ ಡ್ರಮ್ಮಿನ ಸುತ್ತಳತೆ ಸಣ್ಣದಾಗುತ್ತದೆ, ಅದೇ ಹೊತ್ತಿಗೆ ಹಗ್ಗ ಸುತ್ತಿಕೊಳ್ಳುವ ರಾಟೆ ದಪ್ಪ ಆಗುತ್ತ ಬರುತ್ತದೆ, ಹಾಗಾಗಿ ಎರಡನ್ನೂ ಒಂದೇ ಶಾಫ್ಟಿಗೆ ಬಿಗಿದು ತಿರುಗಿಸುವಂತಿಲ್ಲ, ನಡುವೆ ಕ್ಲಚ್ ಬೇಕು, ಎಡದ ಹಗ್ಗ ಬಲದ ಹಗ್ಗ ಸಮ ಇರಬೇಕು, ಒಂದು ಸ್ವಲ್ಪ ಹಿಗ್ಗಿದರೂ ಕವರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಮಳೆನೀರು ಎತ್ತಿ ಹಾಕಲು ಮೇಲೊಂದು ಪಂಪ್ ಇಡಲೇಬೇಕು. ಬಟ್ಟೆ ನೀರಿನ ಮೇಲೆ ಕೂತಿರುವ ತನಕ ಹೆದರಿಕೆ ಇಲ್ಲ, ಮೇಲೆ ಬಿದ್ದ ನೀರಿನ ತೂಕವನ್ನು ಕೆಳಗಿನ ನೀರೇ ಹೊರುತ್ತದೆ. ಆದರೆ ಪೂಲಿನ ನೀರು ಎಲ್ಲೋ ಸೋರಿ ಒಂದಡಿ ಇಳಿದರೆ ಆ ಮೂರೂವರೆ ಟನ್ ಪೂರ್ತಿ ಟ್ರ್ಯಾಕಿನ ಮೇಲೆ. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ. ಪಂಪನ್ನು ನಂಬಿಕೊಂಡ ಕವರ್ ನಮಗೆ ಬೇಡ ಅಂತ ಬಿಟ್ಟೆ.

ಎರಡನೆಯದು ಹಳಿ ಮೇಲೆ ಜಾರುವ ಪಾಲಿಕಾರ್ಬೊನೇಟ್ (ಗಾಜಿನ ಹಾಗೆ ಕಾಣುವ ಗಟ್ಟಿ ಪ್ಲಾಸ್ಟಿಕ್) ಗೂಡು. ಒಂದರೊಳಗೊಂದು ಸೇರಿಕೊಳ್ಳುವ ಕಮಾನುಗಳು. ದುಡ್ಡಿದ್ದವರಿಗೆ, ಅದರಲ್ಲೂ ಆಗುಂಬೆ ಅಂಚಿನಲ್ಲಿ, ಇದೇ ಸರಿ ಅಂತ ನನ್ನ ಅಭಿಪ್ರಾಯ. ಮಳೆ ನೋಡಲೆಂದೇ ಬರುವ ಜನ ಮಳೆಯ ಅಡಿಯಲ್ಲೇ ಈಜಬಹುದಲ್ವಾ! ಆದರೆ ಗಾಳಿಯ ಲೆಕ್ಕ ಹಾಕಬೇಕು. ಗಾಳಿಯ ಒತ್ತಡಕ್ಕೆ ನಮ್ಮ ದೇಶದ ಕಟ್ಟಡ ಮಾನದಂಡ ಐ.ಎಸ್. 875ರ ಸೂತ್ರ 0.6 ಗುಣಿಸು ವೇಗದ ವರ್ಗ. ಸೆಕೆಂಡಿಗೆ 30 ಮೀಟರ್ ವೇಗ ಅಂತ ಹಿಡಿದರೆ ಚದರ ಮೀಟರಿಗೆ 540 ನ್ಯೂಟನ್, ಅಂದರೆ 55 ಕೆ.ಜಿ. ಆಸುಪಾಸು. ಅಷ್ಟು ದೊಡ್ಡ ಗೂಡನ್ನು ಎತ್ತಿ ತೋಟಕ್ಕೆ ಎಸೆಯಲು ಅದು ಸಾಕು, ಹಾಗಾಗಿ ಪ್ರತಿ ಕಮಾನಿಗೂ ನೆಲಕ್ಕೆ ಲಾಕ್ ಬೇಕು. ಮಂಗಗಳ ವಿಷಯ ನಾನು ಹೇಳುವುದೇ ಬೇಡ. ಭಾವನ ಆಕ್ಷೇಪ ಬೇರೆಯೇ ಇತ್ತು, ಕಣಿವೆ ಕಾಣಲ್ಲ ಅಂತ. ಅಲ್ಲಿಗೆ ಅದೂ ಮುಗಿಯಿತು.

ಉಳಿದದ್ದು ತೇಲುವ ಪಟ್ಟಿಗಳ ಕವರ್. ಪಿವಿಸಿ ಅಥವಾ ಪಾಲಿಕಾರ್ಬೊನೇಟಿನ ಟೊಳ್ಳು ಪಟ್ಟಿಗಳು, ತುದಿಗೆ ಮುಚ್ಚಿ ಗಾಳಿ ಹಿಡಿದಿಟ್ಟಿರುತ್ತಾರೆ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಚಾಪೆಯ ಹಾಗೆ ಸುತ್ತಿಕೊಳ್ಳುತ್ತವೆ. ಮಳೆ ಬಿದ್ದರೆ ನೀರು ಪಟ್ಟಿಗಳ ಸಂದಿಯಿಂದ ಪೂಲಿಗೇ ಇಳಿಯುತ್ತದೆ. ಮೇಲೆ ನಿಲ್ಲುವುದಿಲ್ಲ, ಪಂಪ್ ಬೇಡ. ಪೂಲಿಗಿಳಿದ ನೀರನ್ನು ಓವರ್‌ಫ್ಲೋ ಪೈಪ್ ನೋಡಿಕೊಳ್ಳುತ್ತದೆ. ಗಂಟೆಗೆ 50 ಮಿ.ಮೀ. ಸುರಿದರೂ 36 ಚದರ ಮೀಟರಿಗೆ ನಿಮಿಷಕ್ಕೆ 30 ಲೀಟರ್ ಅಷ್ಟೇ, ಸಣ್ಣ ಪೈಪೇ ಸಾಕು. ಆದರೂ 110 ಮಿ.ಮೀ.ದ್ದು ಎರಡು ಹಾಕಿಸಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಒಂದಕ್ಕೆ ಎಲೆ ಸಿಕ್ಕಿಕೊಂಡರೆ ಇನ್ನೊಂದು. ಪೂಲಿನ ಸುತ್ತ ಹಾಕುವ ಕಲ್ಲಿನ ಇಳಿಜಾರು ಹೊರಗಡೆಗೇ ಇರಬೇಕು, ಇಲ್ಲದಿದ್ದರೆ ಅಂಗಳದ ಕೆಂಪು ನೀರೆಲ್ಲ ಒಳಗೆ ಬರುತ್ತದೆ. ಮಳೆನೀರು ಬೆರೆತು ಕ್ಲೋರಿನ್ ತೆಳುವಾಗುತ್ತದೆ ಅನ್ನುವ ತಾಪತ್ರಯ ಇದ್ದೇ ಇದೆ. ಒಪ್ಪಿಕೊಂಡೆವು.

ಈಗ ರೋಲರ್. ನನಗೆ ಖುಷಿ ಕೊಟ್ಟ ಭಾಗ ಇದು. 150 ಮಿ.ಮೀ. ವ್ಯಾಸದ ಪೈಪಿಗೆ 15 ಮಿ.ಮೀ. ದಪ್ಪದ ಪಟ್ಟಿ 9 ಮೀಟರ್ ಸುತ್ತಿದರೆ ಕೊನೆಗೆ ಎಷ್ಟು ದಪ್ಪ ಆಗುತ್ತದೆ? ಉದ್ದವನ್ನು ದಪ್ಪದಿಂದ ಗುಣಿಸಿ, ಪೈ ಬೆಲೆಯಿಂದ ಭಾಗಿಸಿ, ಪೈಪಿನ ತ್ರಿಜ್ಯದ ವರ್ಗ ಕೂಡಿಸಿ, ವರ್ಗಮೂಲ ತೆಗೆಯಿರಿ. 220 ಮಿ.ಮೀ. ತ್ರಿಜ್ಯ ಬರುತ್ತದೆ, ಅಂದರೆ ವ್ಯಾಸ 44 ಸೆಂ.ಮೀ. ಅದೇ ಅರ್ಧ ಮಿ.ಮೀ. ದಪ್ಪದ ಬಟ್ಟೆಯಾಗಿದ್ದರೆ 17 ಸೆಂ.ಮೀ. ಸಾಕಿತ್ತು. ಪಟ್ಟಿಗಳು ಕೊಂಡಿ ಹತ್ತಿರ ಪೂರ್ತಿ ಒತ್ತಿ ಕೂರುವುದಿಲ್ಲ, ಅದಕ್ಕೆ 50 ಸೆಂ.ಮೀ. ಅಂತ ಹಿಡಿದೆ. ಸುತ್ತು ಬರೀ ಹತ್ತರ ಹತ್ತಿರ. ಮೊದಲ ಸುತ್ತಿಗೆ ಅರ್ಧ ಮೀಟರ್ ಆಸುಪಾಸು ಬರುವ ಕವರ್ ಕೊನೇ ಸುತ್ತಿಗೆ ಒಂದೂಕಾಲು ಮೀಟರ್ ದಾಟಿ ಬರುತ್ತದೆ. ಮೋಟಾರ್ ಒಂದೇ ವೇಗದಲ್ಲಿ ತಿರುಗಿದರೂ ಕವರ್ ಮಾತ್ರ ಕೊನೆಕೊನೆಗೆ ಓಡುತ್ತದೆ. ಆದರೆ ಇದರಲ್ಲೊಂದು ಲಾಭ ಇದೆ. ಶುರುವಿನಲ್ಲಿ ಇಡೀ ಕವರ್ ನೀರಿನ ಮೇಲೆ ಎಳೆಯಬೇಕು, ಆಗ ತ್ರಿಜ್ಯ ಸಣ್ಣದು. ಕೊನೆಗೆ ತ್ರಿಜ್ಯ ದೊಡ್ಡದು, ಆದರೆ ಎಳೆಯಲು ಉಳಿದದ್ದು ಸ್ವಲ್ಪವೇ. ಹಾಗಾಗಿ ಮೋಟಾರಿಗೆ ಅಂದುಕೊಂಡಷ್ಟು ಭಾರ ಬೀಳುವುದಿಲ್ಲ.

ರೋಲರನ್ನು ನೀರಿನೊಳಗೆ ಗುಂಡಿ ಮಾಡಿ ಮುಚ್ಚಿಡುವ ಪದ್ಧತಿ ಇದೆ, ಏನೂ ಕಾಣದೆ ಚಂದ ಇರುತ್ತದೆ. ಮೋಟಾರ್ ಪಕ್ಕದ ಒಣ ಗುಂಡಿಯಲ್ಲಿ, ಶಾಫ್ಟ್ ಗೋಡೆ ತೂರಿ ಬರುತ್ತದೆ, ಅಲ್ಲೊಂದು ಸೀಲ್. ಆ ಸೀಲ್ ಸೋರಿದರೆ ತೀರ್ಥಹಳ್ಳಿಯಲ್ಲಿ ಯಾರು ಬರುತ್ತಾರೆ? ನಾನೇ ಹೋಗಬೇಕು. ಅದಕ್ಕೇ ರೋಲರ್ ನೆಲದ ಮೇಲೆ, ಅದರ ಮೇಲೊಂದು ಮರದ ಬೆಂಚು. ಕೈ ಸಿಗುತ್ತದೆ, ನೆರಳೂ ಆಯಿತು. ಪಿವಿಸಿಗೆ ನೆರಳು ಬೇಕೇ ಬೇಕು. ನೀರಿನ ಮೇಲಿದ್ದಾಗ ನೀರು ತಣ್ಣಗಿಡುತ್ತದೆ, ಸುತ್ತಿಟ್ಟು ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಮೆತ್ತಗಾಗಿ ಸೊಟ್ಟ ಆಗುತ್ತದೆ. ಹಿಗ್ಗುವುದಕ್ಕೂ ಜಾಗ ಬೇಕು. 4 ಮೀಟರ್ ಪಟ್ಟಿ 30 ಡಿಗ್ರಿ ಬಿಸಿ ಏರಿದರೆ ಸುಮಾರು 8 ಮಿ.ಮೀ. ಉದ್ದ ಆಗುತ್ತದೆ. ಗೋಡೆಗೆ ಒತ್ತಿ ಕೂರಿಸಿದರೆ ಮಧ್ಯಾಹ್ನ ಉಬ್ಬಿ ನಿಲ್ಲುತ್ತದೆ.

ಮೋಟಾರ್ 24 ವೋಲ್ಟ್ ಡಿಸಿ. ಒದ್ದೆ ಕಾಲಿನ ಜನ ಓಡಾಡುವ ಜಾಗದಲ್ಲಿ 230 ವೋಲ್ಟ್ ತರಲು ನನಗೆ ಇಷ್ಟವಿಲ್ಲ. ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಕೊಟ್ಟರೆ ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ. ಬ್ಯಾಟರಿಯೂ ಸತ್ತರೆ ಕೈಯಲ್ಲಿ ತಿರುಗಿಸಲು ಹ್ಯಾಂಡಲ್. ವರ್ಮ್ ಗೇರ್ ಹಾಕಿದ್ದರಿಂದ ಬಿಟ್ಟ ಕೂಡಲೇ ಹಿಂದಕ್ಕೆ ಓಡುವುದಿಲ್ಲ. ಸ್ವಿಚ್ ಮಾತ್ರ ಒತ್ತಿ ಹಿಡಿದಷ್ಟು ಹೊತ್ತೇ ಕೆಲಸ ಮಾಡಬೇಕು, ಅದಕ್ಕೆ ಬೀಗದ ಕೈ ಬೇಕು, ಅದನ್ನು ಇಡೀ ಪೂಲ್ ಕಣ್ಣಿಗೆ ಬೀಳುವ ಜಾಗದಲ್ಲೇ ಕೂರಿಸಬೇಕು. ಮೊಬೈಲಿನಿಂದ ಮುಚ್ಚೋ ಹಾಗೆ ಮಾಡು ಅಂತ ಭಾವ ಕೇಳಿದರು. ಒಳಗೆ ಯಾರೋ ಮುಳುಗು ಹಾಕಿರುತ್ತಾರೆ, ನೀವು ಶಿವಮೊಗ್ಗದಲ್ಲಿ ಕೂತು ಬಟನ್ ಒತ್ತುತ್ತೀರಿ, ಆಗ? ಅಂದೆ. ಮತ್ತೆ ಆ ಮಾತು ಬರಲಿಲ್ಲ. ಮುಚ್ಚಿದ ಮೇಲೆ ಆಚೆ ತುದಿಯನ್ನು ಗೋಡೆಗೆ ಬೆಲ್ಟ್ ಹಾಕಿ ಬಿಗಿಯಬೇಕು. ಅದಿಲ್ಲದಿದ್ದರೆ 220 ಕೆ.ಜಿ. ಲೆಕ್ಕಕ್ಕೆ ಅರ್ಥವೇ ಇಲ್ಲ.

ಕಬ್ಬಿಣದ ಮಾತು ಚಿಕ್ಕದು. ಜಿ.ಐ., ಅಂದರೆ ಸತು ಲೇಪಿಸಿದ ಕಬ್ಬಿಣ, ಬೇಡ. ಕ್ಲೋರಿನ್ ನೀರಿಗೆ 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ. 316 ದರ್ಜೆಯದರಲ್ಲಿ ಎರಡು ಮೂರು ಪರ್ಸೆಂಟ್ ಮಾಲಿಬ್ಡಿನಂ ಅನ್ನುವ ಲೋಹ ಇರುತ್ತದೆ, ಅದು ತಡೆದುಕೊಳ್ಳುತ್ತದೆ. ರೇಟು ಜಾಸ್ತಿ, ಆದರೆ ಶಾಫ್ಟು, ಬೋಲ್ಟು, ಬ್ರಾಕೆಟ್ಟಿಗೆ ಮಾತ್ರ ತಾನೇ.

ಇನ್ನು ಎಲೆ. ಯಾವ ಕ್ಯಾಟಲಾಗಿನಲ್ಲೂ ಅಡಿಕೆ ಸೋಗೆಯ ಲೆಕ್ಕ ಇಲ್ಲ. ಅಷ್ಟೆತ್ತರದಿಂದ ಹಾಳೆ ಸಮೇತ ಕಳಚಿ ಬಿದ್ದರೆ ಟೊಳ್ಳು ಪಟ್ಟಿ ಒಡೆಯುತ್ತದೆ. ಒಡೆದ ಪಟ್ಟಿಗೆ ನೀರು ತುಂಬಿ ಆ ಜಾಗ ಮುಳುಗುತ್ತದೆ. ಹಾಗಾಗಿ ಪೂಲನ್ನೇ ತೋಟದ ಅಂಚಿನಿಂದ ಮೇಲಕ್ಕೆ ಸರಿಸಿದೆವು. ಸಣ್ಣ ಎಲೆಗಳು ಸುತ್ತಿನೊಳಗೆ ಸೇರದಂತೆ ಬೆಂಚಿನ ಬಾಯಲ್ಲಿ ಅಡ್ಡಲಾಗಿ ನೈಲಾನ್ ಬ್ರಷ್. ಕಪ್ಪೆಗಳು ಬೆಂಚಿನೊಳಗೆ ಸಂಸಾರ ಹೂಡುವುದು ಗ್ಯಾರಂಟಿ, ಕಪ್ಪೆ ಬಂದಲ್ಲಿಗೆ ಹಾವೂ ಬರುತ್ತದೆ, ಅದಕ್ಕೆ ಅಡಿಯಲ್ಲಿ ಸ್ಟೀಲ್ ಜಾಲರಿ ಹಾಕು ಅಂತ ಅಕ್ಕನ ಅತ್ತೆ ಹೇಳಿದ್ದು. ಹಾಕುತ್ತಿದ್ದೇನೆ.

ಕ್ಯಾಟಲಾಗಿನವರು ಹೇಳುವ ಆವಿಯ ಮಾತು ಸುಳ್ಳಲ್ಲ, ಅದಕ್ಕೆ ಇಲ್ಲಿ ಜನವರಿಯಿಂದ ಏಪ್ರಿಲ್ ತನಕ ಮಾತ್ರ ಕೆಲಸ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 580 ಲೀಟರ್ ನೀರಿನ ಒಂದು ಡಿಗ್ರಿ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ದಿನಕ್ಕೆ 5 ಮಿ.ಮೀ. ಆವಿಯಾದರೆ 180 ಲೀಟರ್, ಪೂಲಿಗೆ ಎರಡು ಡಿಗ್ರಿ ನಷ್ಟ. ಮಾಘದ ಚಳಿಯಲ್ಲಿ ಬೆಳಿಗ್ಗೆ ನೀರಿಗಿಳಿಯುವವನಿಗೆ ಆ ಎರಡು ಡಿಗ್ರಿಯ ಬೆಲೆ ಗೊತ್ತು. ಬಿಸಿಲಿಗೆ ಕ್ಲೋರಿನ್ ಹಾಳಾಗುವುದೂ ಕಡಿಮೆಯಾಗುತ್ತದೆ.

ಬಣ್ಣ ಒಂದು ಬಾಕಿ ಇದೆ. ಪಾರದರ್ಶಕ ಪಟ್ಟಿ ಹಾಕಿದರೆ ನೀರು ಇನ್ನೂ ಬೆಚ್ಚಗಾಗುತ್ತದೆ, ಆದರೆ ಒಳಗೆ ಬೆಳಕು ಹೋದರೆ ಪಾಚಿಗೂ ಹಬ್ಬ. ತಿಂಗಳುಗಟ್ಟಲೆ ಮುಚ್ಚಿಡುವ ನಮ್ಮಲ್ಲಿ ಬೆಳಕು ತೂರದ ಪಟ್ಟಿಯೇ ಸರಿ. ಕಡು ಬಣ್ಣ ಬಿಸಿಲಿಗೆ ಜಾಸ್ತಿ ಕಾಯುತ್ತದೆ, ಹಾಗಾಗಿ ತಿಳಿ ಬೂದು ಅಂತ ಬರೆದು ಭಾವನಿಗೆ ಕಳಿಸಿದ್ದೇನೆ. ಅಕ್ಕನಿಗೆ ಕಡು ನೀಲಿಯೇ ಬೇಕಂತೆ. ಭಾವ ಇನ್ನೂ ಏನೂ ಹೇಳಿಲ್ಲ.